ಲಾವಿನೋಳ ಮಗಳಿಗೆ ಇಂಗ್ಲಿಷ್ ಯಾಕೆ ಬೇಕು?

ಮೊನ್ನೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆವು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು 'ಇಂಗ್ಲಿಷು ಗುಲಾಮಗಿರಿಯ ಭಾಷೆ, ಆಫ್ರಿಕಾದ ಲೇಖಕರನ್ನು ನೋಡಿ ಕಲೀರಿ' ಅಂತ ಉಪದೇಶ ಮಾಡಿದರು. ಕೀನ್ಯಾದ ಗೂಗಿ ವಾ ಥಿಯಾಂಗೊ ಅವರ ಹೆಸರನ್ನು ನಾಲ್ಕು ಸಲ ಹೇಳಿದರು. ಚಪ್ಪಾಳೆ ಬಿತ್ತು. ಅವರ ಸ್ವಂತ ಮಕ್ಕಳು ಯಾವ ಸ್ಕೂಲಲ್ಲಿ ಓದಿದರು ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಆ ತಪ್ಪಿಗೆ ಈ ಬರಹ.

ಗೂಗಿ ದೊಡ್ಡ ಲೇಖಕರು, ಅನುಮಾನವಿಲ್ಲ. 1977ರಲ್ಲಿ ರೈತರನ್ನೂ ಕೂಲಿಗಳನ್ನೂ ಕಟ್ಟಿಕೊಂಡು ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿ, ಅದಕ್ಕಾಗಿ ಜೈಲಿಗೆ ಹೋದವರು. 2025ರಲ್ಲಿ ತೀರಿಕೊಳ್ಳುವವರೆಗೂ ತಾಯಿನುಡಿಯ ಪರ ನಿಂತವರು. ಬ್ರಿಟಿಷರ ಕಾಲದ ಅವರ ಶಾಲೆಯಲ್ಲಿ ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಕ್ಕಳಿಗೆ ಬೆತ್ತದ ಏಟು ಬೀಳುತ್ತಿತ್ತು. ಇಲ್ಲಾಂದ್ರೆ ಕತ್ತೆ, ದಡ್ಡ ಅಂತ ಬರೆದ ತಗಡನ್ನು ಕೊರಳಿಗೆ ಕಟ್ಟುತ್ತಿದ್ದರು. ಪೇಶ್ವೆಗಳ ಕಾಲದಲ್ಲಿ ಕೊರಳಿಗೆ ಮಡಕೆ ಕಟ್ಟಿಸಿಕೊಂಡವರ ಮಕ್ಕಳು ನಾವು. ಆ ತಗಡಿನ ಭಾರ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ವೇದಿಕೆಯ ಹಿರಿಯರು ಬಿಟ್ಟ ಇನ್ನೊಂದು ಸಂಗತಿ ಗೂಗಿಯವರ 1986ರ ಪುಸ್ತಕದಲ್ಲೇ ಇದೆ. 1954ರಲ್ಲಿ ಅವರ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಇಂಗ್ಲಿಷ್ ಒಂದು ಬಿಟ್ಟು ಮಿಕ್ಕೆಲ್ಲದರಲ್ಲೂ ಅವನಿಗೆ ಮೇಲಿನ ದರ್ಜೆ. ಇಂಗ್ಲಿಷಿನಲ್ಲಿ ಫೇಲಾದ. ಅದೊಂದಕ್ಕೆ ಇಡೀ ಪರೀಕ್ಷೆಯಲ್ಲೇ ಅವನನ್ನು ಫೇಲು ಮಾಡಿದರು. ಅವನು ಬಸ್ಸಿನಲ್ಲಿ ಕ್ಲೀನರ್ ಕೆಲಸಕ್ಕೆ ಸೇರಿಕೊಂಡ. ಇಂಗ್ಲಿಷಿನಲ್ಲಿ ಒಳ್ಳೆ ನಂಬರ್ ಬಂದ ಗೂಗಿ ದೊಡ್ಡ ಹೈಸ್ಕೂಲಿಗೆ, ಅಲ್ಲಿಂದ ಉಗಾಂಡಾದ ಮಕೆರೆರೆ ಕಾಲೇಜಿಗೆ ಹೋದರು. ಇಂಗ್ಲಿಷನ್ನು ಬಿಟ್ಟೆ ಅನ್ನೋದಕ್ಕೆ ಮೊದಲು ಕೈಯಲ್ಲಿ ಇಂಗ್ಲಿಷ್ ಇರಬೇಕು. ಇದು ಗೂಗಿಯವರ ಮೇಲಿನ ದೂರಲ್ಲ. ಆ ಹುಡುಗನ ಕಥೆಯನ್ನು ಮರೆಯದೆ ಬರೆದವರು ಅವರೇ. ನಮಗೆ ಮಾತ್ರ ಆ ಬಸ್ ಕ್ಲೀನರ್ ಹುಡುಗ ಹತ್ತಿರದ ನೆಂಟ.

ಹುಡುಗನದೇ ಈ ಪಾಡಾದರೆ ಹುಡುಗಿಯದು?

ಗೂಗಿ ಓದಿದ ಉಗಾಂಡಾವನ್ನೇ ನೋಡೋಣ. ನಲವತ್ತಕ್ಕೂ ಹೆಚ್ಚು ಭಾಷೆಗಳಿರೋ ದೇಶ. ವಾಯುವ್ಯದ ಆರುವಾ ಕಡೆ ಹುಟ್ಟಿದ ಹುಡುಗಿಗೆ ಮನೆಯಲ್ಲಿ ಲುಗ್ಬಾರ, ಸಂತೆಯಲ್ಲಿ ಸ್ವಾಹಿಲಿ. ಯುದ್ಧಕ್ಕೆ ಹೆದರಿ ದಕ್ಷಿಣ ಸುಡಾನಿನಿಂದ ಓಡಿಬಂದವರ ಬಾಯಲ್ಲಿ ಜುಬಾ ಅರಬ್ಬಿ. ರಾಜಧಾನಿ ಕಂಪಾಲಕ್ಕೆ ಹೋದರೆ ಲುಗಾಂಡ. ನಮ್ಮ ಕೋಲಾರದ ಕೂಲಿ ಹೆಣ್ಣುಮಗಳು ಕನ್ನಡ, ತೆಲುಗು, ತಮಿಳು ಮೂರನ್ನೂ ಆಡೋ ಹಾಗೆ ಅವಳೂ ಮೂರು ನಾಲ್ಕು ಭಾಷೆ ಆಡುತ್ತಾಳೆ. ಅದನ್ನು ಯಾರೂ ವಿದ್ಯೆ ಅನ್ನೋದಿಲ್ಲ. ಇಷ್ಟು ಭಾಷೆ ಬಲ್ಲ ಹುಡುಗಿ 'ನನಗೆ ಇಂಗ್ಲಿಷ್ ಬೇಕು' ಅಂತ ಹಟ ಹಿಡಿಯುತ್ತಾಳೆ. ಯಾಕೆ? ಬಿಳಿಯರ ಮೇಲಿನ ಮೋಹಕ್ಕಾ?

ಮೊದಲನೆಯದು ಪರೀಕ್ಷೆ. ಏಳನೇ ಕ್ಲಾಸಿನ ಕೊನೆಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ: ನಾಲ್ಕೂ ಇಂಗ್ಲಿಷಿನಲ್ಲೇ. ಗಣಿತ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದಿದ್ದರೆ ಹುಡುಗಿ ಅಲ್ಲಿಗೇ ನಿಂತಳು. ಹುಡುಗ ನಿಂತರೆ ಮಾರನೇ ವರ್ಷ ಇನ್ನೊಮ್ಮೆ ಕೂರಿಸುತ್ತಾರೆ, ಇಲ್ಲಾ ಕೆಲಸಕ್ಕೆ ಕಳಿಸುತ್ತಾರೆ. ಹುಡುಗಿ ನಿಂತರೆ ಮದುವೆ. ಗಂಡಿನ ಕಡೆಯವರು ತೆರ ಕೊಡುವ ಪದ್ಧತಿ ಅಲ್ಲಿ ಉಂಟು, ದನಗಳ ಲೆಕ್ಕದಲ್ಲಿ. ಬಡವನ ಮನೆಯಲ್ಲಿ ಮಗಳ ಪುಸ್ತಕ ಒಂದು ಕಡೆ, ಬರಲಿರೋ ದನ ಒಂದು ಕಡೆ. ಪಾಸಾದರೆ ಅವಳಿಗೆ ನಾಲ್ಕು ವರ್ಷ ಸಿಗುತ್ತೆ. ಅವಳಿಗೆ ಇಂಗ್ಲಿಷ್ ಅಂದರೆ ಮೊದಲು ಆ ನಾಲ್ಕು ವರ್ಷ.

ಎರಡನೆಯದು ಕಾನೂನು, ಕಚೇರಿ. ಗಂಡನನ್ನು ಬಿಟ್ಟು ಬಂದ ಹೆಣ್ಣು ತೆರವನ್ನು ವಾಪಸ್ ಕೊಡಬೇಕು ಅನ್ನೋ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂತ ಉಗಾಂಡಾದ ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪು ಕೊಟ್ಟಿತು. ಹೆಣ್ಣಿನ ಕೊರಳಿನ ಹಗ್ಗ ಬಿಚ್ಚಿದ ತೀರ್ಪು. ಅದು ಇರೋದು ಇಂಗ್ಲಿಷಿನಲ್ಲಿ, ಯಾಕೆಂದರೆ ಅಲ್ಲಿನ ಕೋರ್ಟಿನ ಭಾಷೆ ಇಂಗ್ಲಿಷು. ತನ್ನ ಬಿಡುಗಡೆಯ ಕಾಗದವನ್ನು ಓದೋಕೆ ಅವಳು ಇನ್ಯಾರದೋ ಬಾಯಿ ನೋಡಬೇಕು. ಸಾಹುಕಾರ ಓದಿ ಹೇಳಿದ ಪತ್ರಕ್ಕೆಲ್ಲ ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮಕ್ಕಳಿಗೆ ಇದು ಹೊಸ ಕಥೆಯಲ್ಲ.

ಮೂರನೆಯದು ದೇಶದ ಇತಿಹಾಸ. ಇಂಗ್ಲಿಷ್ ಬೇಡ ಅಂದರೆ ಯಾವುದು? ಲುಗಾಂಡ ಅಂದರೆ ಮಿಕ್ಕವರಿಗೆ ಬಗಾಂಡ ಜನರ ಯಜಮಾನಿಕೆಯ ಭಯ. 1973ರಲ್ಲಿ ಇದಿ ಅಮೀನ್ ಸ್ವಾಹಿಲಿಯನ್ನು ರಾಷ್ಟ್ರಭಾಷೆ ಮಾಡಿದ. ಆದರೆ ಅದು ಸಿಪಾಯಿಗಳ ಬಾಯಲ್ಲಿ, ಬಂದೂಕಿನ ಜೊತೆ ಹಳ್ಳಿಗೆ ಬಂದ ಭಾಷೆ. 2005ರಲ್ಲಿ ಅದನ್ನು ಸಂವಿಧಾನದಲ್ಲಿ ಎರಡನೇ ಅಧಿಕೃತ ಭಾಷೆ ಅಂತ ಬರೆದರೂ ಆ ನೆನಪು ಅಳಿಸಿಲ್ಲ. ಯಾವ ಬುಡಕಟ್ಟಿಗೂ ಸೇರದ ಭಾಷೆ ಅನ್ನೋದೂ ಇಂಗ್ಲಿಷಿನ ಒಂದು ಬಲ. ಊರಿನ ಭಾಷೆ ಯಾವಾಗಲೂ ಊರಗೌಡನ ಭಾಷೆಯೂ ಹೌದು ಅಲ್ಲವಾ?

ಈಗ ಲಾವಿನೋ ವಿಷಯ. ಉಗಾಂಡಾದ ಕವಿ ಒಕೊಟ್ ಪಿಬಿಟೆಕ್ 1966ರಲ್ಲಿ ಒಂದು ನೀಳ್ಗವನ ಪ್ರಕಟಿಸಿದರು. ಅದರಲ್ಲಿ ಮಾತಾಡೋಳು ಲಾವಿನೋ, ಇಂಗ್ಲಿಷ್ ಬಾರದ ಅಚೋಲಿ ಹೆಂಡತಿ. ಗಂಡ ಓಚೋಲ್ ಓದಿದವನು. ಇವಳನ್ನು ಹೀಯಾಳಿಸಿ, ಬಿಳಿಯರ ರೀತಿ ಕಲಿತ ಇನ್ನೊಬ್ಬಳ ಹಿಂದೆ ಹೋದವನು. ಲಾವಿನೋ ತನ್ನ ಜನರ ಹಾಡು, ಕುಣಿತ, ಅಡುಗೆಯನ್ನು ಎತ್ತಿಹಿಡಿದು ಅವನಿಗೆ ಚೆನ್ನಾಗಿ ಬೈಯುತ್ತಾಳೆ. ಆ ಕಾವ್ಯ ನಮಗೆ ಇಷ್ಟ. ಆದರೂ ಅದರ ಮುಂದೆ ಕೂತಾಗ ಒಂದು ಪ್ರಶ್ನೆ ಕಾಡುತ್ತೆ. ಸಂಸ್ಕೃತಿ ಕಾಯೋ ಕೆಲಸ ಯಾವಾಗಲೂ ಹೆಣ್ಣಿಗೇ ಯಾಕೆ? ಇಂಗ್ಲಿಷ್ ಗಂಡನ ಪಾಲಿಗೆ, ಸಂಸ್ಕೃತಿ ಹೆಂಡತಿಯ ಪಾಲಿಗೆ. ಇಲ್ಲೂ ಹಾಗೇ ಅಲ್ಲವೇ? ಕನ್ನಡ ಉಳಿಸೋ ಜವಾಬ್ದಾರಿ ಕೇರಿಯ ಸರ್ಕಾರಿ ಶಾಲೆಗೆ, ಇಂಗ್ಲಿಷ್ ಮೇಲುಜಾತಿಯವರ ಕಾನ್ವೆಂಟಿಗೆ. ಲಾವಿನೋಳ ಮಗಳು ಅಮ್ಮನ ಹಾಡನ್ನೂ ಬಲ್ಲಳು, ಅಪ್ಪನ ಹೀಯಾಳಿಕೆಯನ್ನೂ ಕೇಳಿದ್ದಾಳೆ. ಅವಳು ಪೆನ್ಸಿಲ್ ಹಿಡಿದು ಇಂಗ್ಲಿಷ್ ತಿದ್ದುತ್ತಾ ಕೂತಿದ್ದರೆ ಅದು ಅಮ್ಮನಿಗೆ ಮಾಡಿದ ದ್ರೋಹ ಅಂತ ನಾವು ಒಪ್ಪೋದಿಲ್ಲ. ಅಮ್ಮನಿಗಾದ ಅವಮಾನ ತನಗಾಗಬಾರದು ಅನ್ನೋ ಲೆಕ್ಕ ಅದು.

ಹಾಗಾದರೆ ತಾಯಿನುಡಿ ಬೇಡವಾ? ಬೇಕು. ಮಗುವಿಗೆ ಗೊತ್ತಿರೋ ಭಾಷೆಯಲ್ಲಿ ಮೊದಲು ಓದು ಬಂದರೆ ಆಮೇಲೆ ಇಂಗ್ಲಿಷೂ ಬೇಗ ಹತ್ತುತ್ತೆ. ಇದನ್ನು ನಾವು ಅಲ್ಲಗಳೆಯೋದಿಲ್ಲ. 2007ರಿಂದ ಉಗಾಂಡಾ ಸರ್ಕಾರವೂ ಹಳ್ಳಿ ಶಾಲೆಗಳಲ್ಲಿ ಮೊದಲ ಮೂರು ಕ್ಲಾಸು ಸ್ಥಳೀಯ ಭಾಷೆ ತಂದಿತು. ನಾಲ್ಕನೆಯದು ಬದಲಾಗೋ ವರ್ಷ, ಆಮೇಲೆ ಪೂರ್ತಿ ಇಂಗ್ಲಿಷ್. ಆದರೆ ಪೇಟೆ ಶಾಲೆಯಲ್ಲಿ ಮೊದಲ ದಿನದಿಂದಲೇ ಇಂಗ್ಲಿಷ್. ಇಬ್ಬರಿಗೂ ಕೊನೆಗೆ ಒಂದೇ ಪ್ರಶ್ನೆಪತ್ರಿಕೆ! ಹಳ್ಳಿಯ ತಾಯಂದಿರು ಅನುಮಾನಪಟ್ಟರೆ ಅವರಿಗೆ ಭಾಷಾಭಿಮಾನ ಇಲ್ಲ ಅಂತ ಬೈಯೋದು ಯಾವ ನ್ಯಾಯ? ತಾಯಿನುಡಿಯ ಹೆಸರಲ್ಲಿ ಮೋಸ ಮಾಡಿದವರು ಆಫ್ರಿಕಾದಲ್ಲಿ ಹಿಂದೆಯೂ ಇದ್ದರು. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ 1953ರ ಬಂಟು ಶಿಕ್ಷಣ ಕಾಯಿದೆ ತಂದು ಕರಿಯ ಮಕ್ಕಳಿಗೆ ಪ್ರಾಥಮಿಕ ಶಾಲೆಯನ್ನು ತಾಯಿನುಡಿಯಲ್ಲೇ ಕಟ್ಟಿಹಾಕಿತು. ಮಕ್ಕಳ ಮೇಲಿನ ಪ್ರೀತಿಗಲ್ಲ, ಕೂಲಿಗಳಾಗಿಯೇ ಇರಲಿ ಅಂತ. ಮೇಲಿನ ಕ್ಲಾಸುಗಳಲ್ಲಿ ಆಫ್ರಿಕಾನ್ಸ್ ಹೇರಿದಾಗ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದರು. ಯಾವ ಭಾಷೆ ಅನ್ನೋದರ ಜೊತೆಗೆ ಯಾರು ಕೊಡ್ತಿದ್ದಾರೆ, ಯಾಕೆ ಕೊಡ್ತಿದ್ದಾರೆ ಅಂತಲೂ ಕೇಳಬೇಕು.

ಹುಡುಗಿಗೆ ಆಸೆ ಇಲ್ಲ ಅನ್ನೋರು ಅವಳ ದಿನವನ್ನೊಮ್ಮೆ ನೋಡಲಿ. ಬೆಳಗಾಗೋ ಮುಂಚೆ ನೀರು ಹೊತ್ತು, ಅಂಗಳ ಗುಡಿಸಿ, ತಮ್ಮನನ್ನು ಸಂಭಾಳಿಸಿ, ತಡವಾಗಿ ಬಂದು ಏಟು ತಿಂದು ಕೂರೋಳು ಅವಳು. 1997ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತ ಅಂದರು. ಸಮವಸ್ತ್ರ, ಪುಸ್ತಕ, ಊಟದ ಖರ್ಚು ಉಳಿದೇ ಇತ್ತು. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಿಂದ 2022ರ ಜನವರಿವರೆಗೆ, ಅಲ್ಲಿನ ಬಹುಪಾಲು ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಪ್ರಪಂಚದಲ್ಲೇ ಅತಿ ದೀರ್ಘವಾದ ರಜೆ. ಆ ಅವಧಿಯಲ್ಲಿ ಎಷ್ಟೋ ಹುಡುಗಿಯರು ಬಸುರಿಯಾದರು, ಮದುವೆಯಾದರು, ಮತ್ತೆ ಬೆಂಚಿಗೆ ಬರಲೇ ಇಲ್ಲ. ಇವರಿಗೆ ಕಲಿಯೋ ಛಲ ಹುಟ್ಟಿಸೋ ಭಾಷಣ ಬೇಕಾಗಿಲ್ಲ. ಛಲ ಇದೆ. ನೀರಿನ ನಲ್ಲಿ, ಕಕ್ಕಸು, ಪುಸ್ತಕ, ಒಳ್ಳೆ ಮೇಷ್ಟ್ರು ಇಲ್ಲ.

ಈ ಮಾತು ನಮಗೂ ಸೇರಿದ್ದು. 1854ರ ತಮ್ಮ ಕವನ ಸಂಕಲನದಲ್ಲೇ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲೀರಿ ಅಂದರು. 1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಅಂದದ್ದಕ್ಕೆ ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಹೊಡೆತ ತಿಂದರು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುಮಾಡಿದಾಗಲೂ ಕನ್ನಡ ಸತ್ತೇಹೋಯಿತು ಅಂತ ಅತ್ತವರನ್ನು ನೋಡಿದೆವು. ನಾವು ಕನ್ನಡದಲ್ಲೇ ಪದ್ಯ ಬರೆಯುತ್ತೇವೆ, ಕನ್ನಡದಲ್ಲೇ ಸಿಟ್ಟಾಗುತ್ತೇವೆ. ಅದು ನಮ್ಮವ್ವನ ಭಾಷೆ. ಹಾಗಂತ ನಮ್ಮ ತಂಗಿಯರನ್ನು ಅದರ ಕಾವಲಿಗೆ ನಿಲ್ಲಿಸಿ ಬೇರೆಯವರು ಕಚೇರಿ ಸೇರೋದನ್ನು ನೋಡುತ್ತಾ ಕೂರೋದಿಲ್ಲ.

ಆರುವಾದ ಹುಡುಗಿಗೂ ಹೊಲಗೇರಿಯ ಹುಡುಗಿಗೂ ಬೇಕಾದ್ದು ಇಷ್ಟು: ಅವ್ವನ ಭಾಷೆಯಲ್ಲಿ ಅವಮಾನವಿಲ್ಲದೆ ಅಕ್ಷರ. ಮೊದಲ ಕ್ಲಾಸಿನಿಂದಲೇ, ಬಲ್ಲ ಮೇಷ್ಟ್ರಿಂದ, ದುಡ್ಡಿಲ್ಲದೆ ಇಂಗ್ಲಿಷ್. ಹಳ್ಳಿಗೊಂದು ಪೇಟೆಗೊಂದು ಅಲ್ಲದ ಒಂದೇ ಶಾಲೆ. ಕೋರ್ಟು, ಕಚೇರಿ, ಆಸ್ಪತ್ರೆಗಳು ಜನರ ಭಾಷೆಯಲ್ಲೂ ಮಾತಾಡಬೇಕು. ಅಲ್ಲಿಯವರೆಗೆ ಇಂಗ್ಲಿಷ್ ಬಿಡಿ ಅನ್ನೋ ಹಕ್ಕು ಇಂಗ್ಲಿಷಿನ ಅನ್ನ ಉಂಡವರಿಗೆ ಇಲ್ಲ.

ಗೆಳೆಯರೇ, ಮುಂದಿನ ಸಂಕಿರಣಕ್ಕೆ ನಾಲ್ಕು ಜನ ಜೊತೆಯಾಗಿ ಹೋಗೋಣ. ಮುಂದಿನ ಸಾಲಿನಲ್ಲಿ ನಮ್ಮ ಅಕ್ಕತಂಗಿಯರು ಕೂರಲಿ. ಉಪದೇಶ ಮುಗಿದ ಮೇಲೆ ಅವರೇ ಎದ್ದು ಕೇಳಲಿ: ಸ್ವಾಮಿ, ನಿಮ್ಮ ಮಗಳು ಯಾವ ಸ್ಕೂಲಲ್ಲಿ ಓದಿದಳು?

ಜೈ ಭೀಮ್.