ವೇದಿಕೆಗೆ ಬಾರದ ದೈತ್ಯ

1941ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ‘ಪಾಲ್ ಬನ್ಯನ್’ ಎಂಬ ಅಪೆರೆಟಾ ರಂಗಕ್ಕೆ ಬಂತು. ಸಂಗೀತ ಬೆಂಜಮಿನ್ ಬ್ರಿಟನ್ ಅವರದು, ಸಾಹಿತ್ಯ ಕವಿ ಡಬ್ಲ್ಯು.ಎಚ್. ಆಡೆನ್ ಅವರದು. ಇಬ್ಬರೂ ಇಂಗ್ಲೆಂಡಿನವರು, ಅಮೆರಿಕಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಕಥಾನಾಯಕನೋ, ನೀಲಿ ಎತ್ತಿನ ಜೊತೆ ಕಾಡಿಗೆ ಕಾಡನ್ನೇ ಉರುಳಿಸುವ, ಅಮೆರಿಕದ ಮರ ಕಡಿಯುವವರ ಕಥೆಗಳ ದೈತ್ಯ. ವಿಮರ್ಶಕರಿಗೆ ಅದು ಅಷ್ಟಾಗಿ ರುಚಿಸಲಿಲ್ಲ. ವರ್ಜಿಲ್ ಥಾಮ್ಸನ್ ಅಂತೂ ಖಾರವಾಗಿಯೇ ಬರೆದರು. ಬ್ರಿಟನ್ ಅದನ್ನು ಎತ್ತಿಟ್ಟುಬಿಟ್ಟರು. ಪರನಾಡಿನವರಿಗೆ ಈ ನೆಲದ ಕಥೆ ದಕ್ಕೀತೇ ಎಂಬ ಅನುಮಾನ ಮಾತ್ರ ಕೃತಿಯ ಬೆನ್ನು ಬಿಡಲಿಲ್ಲ. ಆದರೆ ಆ ಕಥೆ ದಕ್ಕಿದ್ದು ಅವರಿಗೇ ಎಂಬುದು ನನ್ನ ವಾದ.

‘ಈ ನೆಲದ ಕಥೆ’ ಎಂದರೆ ಯಾವುದು? ಮಹಾಸರೋವರಗಳ ಸೀಮೆಯ ಮರದ ಕ್ಯಾಂಪುಗಳಲ್ಲಿ ಬನ್ಯನ್ನನ ಬಡಾಯಿ ಕಥೆಗಳು ಓಡಾಡುತ್ತಿದ್ದದ್ದು ನಿಜ. ಆದರೆ ಅವನನ್ನು ಮನೆಮಾತಾಗಿಸಿದ್ದು ರೆಡ್ ರಿವರ್ ಎಂಬ ಮರದ ಕಂಪನಿಗಾಗಿ 1914ರಿಂದ ಡಬ್ಲ್ಯು.ಬಿ. ಲಾಹೆಡ್ ಬರೆದ ಜಾಹೀರಾತು ಪುಸ್ತಿಕೆಗಳು. ಇಂಥದ್ದನ್ನೇ ಕಂಡು ವಿದ್ವಾಂಸ ರಿಚರ್ಡ್ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’, ಅಂದರೆ ನಕಲಿ ಜಾನಪದ, ಎಂಬ ಪದವನ್ನೇ ಹುಟ್ಟಿಸಿದರು. ಹಲಗೆ ಮಾರಲು ಕಂಪನಿ ಎತ್ತಿ ಕಟ್ಟಿದ ನಾಯಕನನ್ನು ಕವಿಯೊಬ್ಬ ಮುಟ್ಟಿದರೆ ಮಾತ್ರ ಮೈಲಿಗೆಯೇ?

ಮುಟ್ಟಿದ ರೀತಿಯನ್ನಾದರೂ ನೋಡಿ. ಅಪೆರೆಟಾದಲ್ಲಿ ಬನ್ಯನ್ ಕಾಣಿಸುವುದೇ ಇಲ್ಲ. ತೆರೆಯ ಹಿಂದಿನಿಂದ ಅವನ ದನಿ ಕೇಳುತ್ತದೆ, ಅದೂ ಹಾಡಲ್ಲ, ಬರಿಯ ಮಾತು. ದೈತ್ಯನನ್ನು ರಂಗದ ಮೇಲೆ ತೋರಿಸುವುದು ಹೇಗೆಂಬ ಪೇಚಿಗೆ ಇದು ಉಪಾಯ ಮಾತ್ರವಲ್ಲ. ಬಾಯಿಂದ ಬಾಯಿಗೆ ಹೋಗುವ ಕಥೆಯ ನಾಯಕ ಇರುವುದೇ ದನಿಯಲ್ಲಿ. ಕಣ್ಣಿಗೆ ಕಾಣುವವರು ಅವನ ಕೆಲಸಗಾರರು. ಲೆಕ್ಕ ಬರೆಯುವ ಜಾನಿ ಇಂಕ್‌ಸ್ಲಿಂಗರ್ ಮೊದಲು ಕೆಲಸ ಒಲ್ಲೆನೆಂದು ಹೊರಟು, ಊಟಕ್ಕೆ ಕಾಸಿಲ್ಲದೆ ಮರಳಿ ಬರುತ್ತಾನೆ. ಕಾಡು ಕಡಿದು ಮುಗಿದ ಮೇಲೆ ಹಾಲಿವುಡ್ಡಿಗೆ ಹೋಗುವವನೂ ಅವನೇ. ಮುಂದಾಳು ಹೆಲ್ಸನ್ ವಾಷಿಂಗ್ಟನ್ ಸೇರಿದರೆ, ಅಡುಗೆಯವನು ಮ್ಯಾನ್‌ಹಟನ್ನಿನ ಹೋಟೆಲು ನೋಡಿಕೊಳ್ಳಲು ಹೋಗುತ್ತಾನೆ. ಕೊಡಲಿಯ ಕಾಲ ಮುಗಿದು ಕಚೇರಿಯ ಕಾಲ ಬಂತು ಎಂಬುದನ್ನು ಯಾವ ಮರದ ಕಂಪನಿಯೂ ಜಾಹೀರಾತಿನಲ್ಲಿ ಹೇಳಲಾರದು.

ಆಡೆನ್ ಅವರ ಜಾಣತನ ಅತಿಯಾಯಿತು, ಮರ ಕಡಿಯುವವರ ಬಾಯಲ್ಲಿ ಕವಿಯೇ ಮಾತಾಡುತ್ತಾನೆ ಎಂಬ ಆಕ್ಷೇಪವಿದೆ. ಒಪ್ಪತಕ್ಕದ್ದೇ, ಕೆಲವು ಕಡೆ ನಾಟಕ ನಿಂತು ಉಪನ್ಯಾಸ ಶುರುವಾಗುತ್ತದೆ. ಗಿಟಾರಿನ ಲಾವಣಿ, ಬ್ಲೂಸ್, ಬ್ರಾಡ್‌ವೇ ಧಾಟಿ ಎಲ್ಲವೂ ಕಲಸಿದ ಸಂಗೀತಕ್ಕೆ ಒಂದು ಮೈಯಿಲ್ಲ ಎಂಬ ದೂರನ್ನು ಮಾತ್ರ ನಾನು ಒಪ್ಪಲಾರೆ. ಸ್ವೀಡನ್ನಿನಿಂದ ಬಂದವರೂ ಕೊಡಲಿ ಹಿಡಿದಿದ್ದ ಕ್ಯಾಂಪಿಗೆ ಒಂದೇ ಮೈಯ ಸಂಗೀತ ಎಲ್ಲಿಂದ ಬರಬೇಕು?

ಬ್ರಿಟನ್ ಇದನ್ನು ತಿದ್ದಿ ಮತ್ತೆ ಹೊರತಂದದ್ದು 1976ರಲ್ಲಿ. ಬಿಬಿಸಿ ಅದನ್ನು ಪ್ರಸಾರ ಮಾಡಿತು, ಆಲ್ಡ್‌ಬರ ಉತ್ಸವದಲ್ಲಿ ಅದು ರಂಗವೇರಿತು. ಆ ಹೊತ್ತಿಗೆ ಆಡೆನ್ ತೀರಿಕೊಂಡು ಮೂರು ವರ್ಷವಾಗಿತ್ತು. ಅದೇ ಡಿಸೆಂಬರಿನಲ್ಲಿ ಬ್ರಿಟನ್ ಕೂಡ ತೀರಿಕೊಂಡರು.