ಯಾವ ವಾಹನದ ಅಳತೆಗೆ ಈ ರಸ್ತೆ?

ರಸ್ತೆಯ ಅಗಲವನ್ನು ನಿರ್ಧರಿಸುವುದು ಅದರ ಮೇಲೆ ಚಲಿಸುವ ವಾಹನದ ಅಳತೆ. ಭಾರತೀಯ ರಸ್ತೆ ಕಾಂಗ್ರೆಸ್ 1983ರ ತನ್ನ ಮಾನಕದಲ್ಲಿ ವಾಹನದ ಗರಿಷ್ಠ ಅಗಲವನ್ನು 2.5 ಮೀಟರ್ ಎಂದು ಇರಿಸಿತು. ಇಕ್ಕೆಲದ ತೆರವೂ ಸೇರಿ ಒಂದು ಪಥಕ್ಕೆ 3.5 ಮೀಟರ್, ಎರಡು ಪಥಕ್ಕೆ 7 ಮೀಟರ್.

ಬಯಲುಸೀಮೆಯ ನೇರ ದಾರಿಗೆ ಇಷ್ಟು ಸಾಕು. ಘಟ್ಟದ ತಿರುವಿನಲ್ಲಿ ಲೆಕ್ಕ ಬೇರೆ. ಲಾರಿ ತಿರುಗುವಾಗ ಹಿಂದಿನ ಗಾಲಿಗಳು ಮುಂದಿನವುಗಳ ಜಾಡು ಬಿಟ್ಟು ಒಳಬದಿಗೆ ಸರಿಯುತ್ತವೆ; ಆದ್ದರಿಂದ ತಿರುವಿಗೆ ಹೆಚ್ಚುವರಿ ಅಗಲ ಬೇಕು. ಮುಂದಿನ ಹಿಂದಿನ ಗಾಲಿಗಳ ಅಂತರ ಇಮ್ಮಡಿಯಾದರೆ ಈ ಹೆಚ್ಚುವರಿ ಅಗಲ ಸುಮಾರು ನಾಲ್ಮಡಿಯಾಗುತ್ತದೆ. ಘಟ್ಟದಲ್ಲಿ ಅದು ಬಹುಪಾಲು ದೊರೆಯುವುದು ಗುಡ್ಡವನ್ನು ಕಡಿದೇ. ಕಡಿದ ಇಳಿಜಾರು ಮಳೆಗೆ ಜರಿದರೆ ಮಣ್ಣು ಸೇರುವುದು ಕೆಳಗಿನ ತೋಟಕ್ಕೆ, ಹಳ್ಳಕ್ಕೆ.

ಆಗುಂಬೆ ಘಾಟಿಯ 14 ಕಡಿದಾದ ತಿರುವುಗಳನ್ನು ನೆನೆಯಿರಿ. ಮಳೆಗಾಲದಲ್ಲಿ ಅಲ್ಲಿ ಭಾರೀ ವಾಹನಗಳನ್ನು ತಡೆದದ್ದುಂಟು. ರಸ್ತೆ ನಮಗೂ ಬೇಕು. ಬಸ್ಸು, ಆಂಬುಲೆನ್ಸ್, ಅಡಕೆಯ ಲಾರಿ ಸುಗಮವಾಗಿ ಸಾಗಬೇಕು. ಆದರೆ ಉದ್ದನೆಯ ಕಂಟೇನರ್ ಲಾರಿಗಾಗಿ ಪ್ರತಿಯೊಂದು ಘಾಟಿಯನ್ನೂ ಕಡಿಯಬೇಕೆ? ವಿಸ್ತರಣೆಯ ನಕ್ಷೆ ಊರಿಗೆ ಬಂದಾಗ ಗ್ರಾಮಸಭೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಈ ತಿರುವನ್ನು ಎಷ್ಟು ಉದ್ದದ ವಾಹನಕ್ಕೆಂದು ಅಳೆದಿದ್ದೀರಿ?