ಹಸಿರು ಏರಿಸಿದ ಚಿತ್ರಗಳು

ಕೊಪ್ಪಳ ಜಿಲ್ಲೆಯ ನಿಸರ್ಗಚಿತ್ರವೆಂದರೆ ಈಗ ಒಂದೇ ಚಿತ್ರ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರಿ ಸೂರ್ಯಾಸ್ತದ ಹೊತ್ತಿಗೆ ತೆಗೆದದ್ದು. ಕೆಳಗೆ ತುಂಗಭದ್ರೆ, ದಡದಲ್ಲಿ ಭತ್ತದ ಗದ್ದೆ, ಹಿಂದೆ ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಗುಡ್ಡಗಳು. ತೆಗೆಯುವವರಲ್ಲಿ ಕೌಶಲಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಪ್ರಾಮಾಣಿಕತೆಗೆ.

ಆ ಹಸಿರನ್ನೇ ನೋಡಿ. ಗಂಗಾವತಿಯ ಭತ್ತದ ಸೀಮೆ 1953ರಲ್ಲಿ ನೀರು ತುಂಬಿಕೊಂಡ ಜಲಾಶಯದ, ಅದರ ಎಡದಂಡೆ ಕಾಲುವೆಯ ಕೂಸು. ದಶಕಗಳ ಅತಿನೀರಾವರಿಯಿಂದ ಈ ಅಚ್ಚುಕಟ್ಟಿನ ಎಷ್ಟೋ ಹೊಲಗಳು ಸವಳು-ಜವಳಾಗಿವೆ; ಬೇಸಿಗೆಯಲ್ಲಿ ಅಲ್ಲಿ ಉಪ್ಪು ಬೆಳ್ಳಗೆ ಏಳುತ್ತದೆ. ಎಲೆಯ ಬಣ್ಣವನ್ನು ಪಟ್ಟಿಗೆ ಹೋಲಿಸಿ ಯೂರಿಯಾ ಎಷ್ಟು ಹಾಕಬೇಕೆಂದು ನಿರ್ಧರಿಸಿರೆಂದು ನಾವು ರೈತರಿಗೆ ಹೇಳುತ್ತೇವೆ. ಛಾಯಾಗ್ರಾಹಕರು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅದೇ ಹಸಿರನ್ನು ಎರಡು ಪಾಲು ಏರಿಸುತ್ತಾರೆ. ಬಳಲಿದ ಪೈರು ನಳನಳಿಸುತ್ತದೆ, ಉಪ್ಪಿನ ಕಲೆ ಕತ್ತರಿಗೆ ಹೋಗುತ್ತದೆ.

ಇಂಥ ಚಿತ್ರದಿಂದ ಪ್ರವಾಸಿಗರು ಬರುತ್ತಾರೆ, ಊರಿಗೆ ನಾಲ್ಕು ಕಾಸು ಬರುತ್ತದೆ ಎಂಬ ವಾದವಿದೆ. ಬಂದದ್ದು ನಿಜ. ವಿರೂಪಾಪುರಗಡ್ಡೆಯಲ್ಲಿ ನದಿಯ ಸೊಬಗನ್ನು ತೋರಿಸಿಯೇ ರೆಸಾರ್ಟುಗಳು ಕೋಣೆ ಮಾರಿದವು. ಅಕ್ರಮವೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ 2020ರಲ್ಲಿ ಅವು ನೆಲಸಮವಾದವು.

ಇನ್ನು ಕುಷ್ಟಗಿ, ಯಲಬುರ್ಗಾ. ಅಲ್ಲಿ ತೆಗೆಯಲು ಏನಿದೆ ಎಂದು ಕೇಳುವವರೇ ಹೆಚ್ಚು. ಜೋಳ, ಸಜ್ಜೆಯ ಮಳೆಯಾಶ್ರಿತ ಹೊಲ, ಎರೆ, ಮಸಾರಿ, ಕುರುಚಲು, ಕುರಿಹಿಂಡು. ಸರ್ಕಾರಿ ಕಡತ ಇಂಥ ಕುರುಚಲನ್ನು ಪಾಳುಭೂಮಿ ಎನ್ನುತ್ತದೆ, ಕ್ಯಾಮೆರಾ ಅದಕ್ಕೆ ಬೆನ್ನು ತಿರುಗಿಸಿ ಸಹಿ ಹಾಕುತ್ತದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದು ಧಾಮ ಘೋಷಿಸಿದ್ದು ಇಂಥದೇ ‘ಪಾಳು’ ನೆಲದಲ್ಲಿ. ಯಾರೂ ನೋಡದ ಬಯಲನ್ನು ಕಲ್ಲುಗಣಿಗೆ ಬರೆದುಕೊಡುವುದು ಸುಲಭ. ಗುಡ್ಡ ಹೋದ ಮೇಲೆ ಅದು ಹೇಗಿತ್ತೆಂದು ತೋರಿಸಲು ಒಂದು ಪಟವೂ ಇರುವುದಿಲ್ಲ.

ಉತ್ತಮ ಭೂದೃಶ್ಯಚಿತ್ರಕ್ಕೆ ಮಾದರಿ ನಮ್ಮ ನದಿಯ ಆಚೆ ದಡದಲ್ಲೇ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಜಾನ್ ಗೋಲಿಂಗ್ಸ್ ಅವನು ನಿಂತ ಜಾಗಗಳಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಜೊತೆಗಿಟ್ಟರೆ ಏನು ಬಿತ್ತು, ಏನು ಉಳಿಯಿತು ಎಂಬುದು ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ನಿಮ್ಮೂರ ಗುಡ್ಡದ ಮೇಲೆ ಒಂದು ಬಂಡೆ ಗೊತ್ತುಮಾಡಿ, ಮುಕ್ಕಾಲಿ ಊರುವಲ್ಲಿ ಗುರುತು ಹಾಕಿ, ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿಯಲ್ಲಿ ಒಮ್ಮೆ ಅಲ್ಲಿಂದಲೇ ತೆಗೆಯಿರಿ. ಲೆನ್ಸು ಬದಲಿಸಬೇಡಿ. ಬಣ್ಣ ಸರಿಹೊಂದಿಸಲು ಚೌಕಟ್ಟಿನ ಮೂಲೆಯಲ್ಲಿ ಬೂದುಬಣ್ಣದ ರಟ್ಟೊಂದು ಇರಲಿ. ಇಳಿಬಿಸಿಲು ಬೇಡವೆನ್ನುತ್ತಿಲ್ಲ, ಓರೆ ಬೆಳಕಿನಲ್ಲಿ ಮಣ್ಣು ಕೊಚ್ಚಿಹೋದ ಕೊರಕಲುಗಳು ಆಳವಾಗಿ ಕಾಣುತ್ತವೆ, ಅವನ್ನು ತೆಗೆಯಿರಿ. ಆದರೆ ಕಳೆ ಕೀಳುವ ಹೆಣ್ಣುಮಕ್ಕಳು ಹೊಲದಲ್ಲಿರುವುದು ನಡುಹಗಲಿನಲ್ಲಿ. ಆ ಹೊತ್ತನ್ನು ಕೆಟ್ಟ ಬೆಳಕೆಂದು ಬಿಡಬೇಡಿ. ತೋಳ, ಕರಡಿಗಳ ನೆಲೆಯ ಮೇಲೆ ಡ್ರೋನ್ ಹಾರಿಸಬೇಡಿ. ಕ್ವಾರಿ, ವಿದ್ಯುತ್ ತಂತಿ, ಗಾಳಿಯಂತ್ರ ಚೌಕಟ್ಟಿಗೆ ಬಂದರೆ ಬರಲಿ. ಹಿಂಬದಿಯಲ್ಲಿ ದಿನಾಂಕ, ಊರು, ಸರ್ವೆ ನಂಬರು ಬರೆದು ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ.